ನಿರಚನೆ: ವಾಸ್ತುವಿನಲ್ಲಿ ಮತ್ತು ಪಾಕದಲ್ಲಿ

ಎರಡು ಕಲೆಗಳಿಗೆ ಒಂದೇ ಹೆಸರು ಸಂದಮಾತ್ರಕ್ಕೆ ಅದರ ಅರ್ಥವೂ ಒಂದೇ ಎಂದು ಗ್ರಹಿಸುವುದು ಚರಿತ್ರಕಾರನಿಗೆ ಉಚಿತವಲ್ಲ. ಫ್ರೆಂಚ್ ತತ್ತ್ವಜ್ಞ ಜಾಕ್ ಡೆರಿಡಾ ಅವರು ೧೯೬೭ರಲ್ಲಿ ಪ್ರಕಟಿಸಿದ ಗ್ರಂಥಗಳಿಂದ ಪ್ರಸಿದ್ಧಿಗೆ ಬಂದ ‘ನಿರಚನೆ’ ಎಂಬ ಪದವು, ಗ್ರಂಥವಿಮರ್ಶೆಯ ಎಲ್ಲೆಯನ್ನು ದಾಟಿ ಕಟ್ಟಡವನ್ನೂ ಅಡಿಗೆಯ ಮನೆಯನ್ನೂ ಹೊಕ್ಕಿತು. ಅಲ್ಲಿ ಅದು ಪಡೆದ ಅರ್ಥಗಳಾವುವೆಂಬುದು ಇಲ್ಲಿನ ವಿಚಾರ.

ವಾಸ್ತುಶಿಲ್ಪದಲ್ಲಿ ಈ ಹೆಸರು ನೆಲೆಗೊಂಡುದು, ೧೯೮೮ರಲ್ಲಿ ಫಿಲಿಪ್ ಜಾನ್ಸನ್ ಮತ್ತು ಮಾರ್ಕ್ ವಿಗ್ಲಿ ಅವರು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಏರ್ಪಡಿಸಿದ ಪ್ರದರ್ಶನದಿಂದ. ವಿಗ್ಲಿಯವರು ಆಗ ಡೆರಿಡಾ ಅವರಿಗಿಂತ ಹೆಚ್ಚಾಗಿ ರಷ್ಯದ ರಚನಾವಾದಿಗಳನ್ನೇ ಪೂರ್ವಸೂರಿಗಳೆಂದು ಎತ್ತಿ ತೋರಿಸಿದುದು ಗಮನಾರ್ಹ. ಅಲ್ಲಿ ಕೃತಿಗಳನ್ನು ಪ್ರದರ್ಶಿಸಿದವರಲ್ಲಿ ಒಬ್ಬರಾದ ಪೀಟರ್ ಐಸೆನ್ಮನ್ ಅವರ ವೆಕ್ಸ್ನರ್ ಕಲಾಕೇಂದ್ರವು ಓಹಾಯೋದ ಕೊಲಂಬಸ್ ನಗರದಲ್ಲಿ ೧೯೮೯ರಲ್ಲಿ ತೆರೆಯಿತು. ಅದರೊಳಗಿನ ಒಂದು ಕಂಬವು ಮೇಲಿನಿಂದಿಳಿದು, ಮೆಟ್ಟಿಲುಗಳನ್ನು ಮುಟ್ಟದೆಯೇ ನಡುವೆ ನಿಂತುಬಿಡುತ್ತದೆ. (ಭಾರವನ್ನು ಹೊರುವ ಕಂಬಗಳು ಬೇರೆ ಇವೆಯೆಂದು ಹೇಳಬೇಕಾಗಿಲ್ಲ.) ಹೊರಗಡೆ, ೧೯೫೮ರ ಬೆಂಕಿಯ ಬಳಿಕ ಕೆಡವಲ್ಪಟ್ಟ ಆಯುಧಾಗಾರದ ಇಟ್ಟಿಗೆಯ ಗೋಪುರಗಳು ಸೀಳಿದ ರೂಪದಲ್ಲಿ ಮರಳಿ ಎದ್ದಿವೆ. ಕಂಬವೆಂದರೆ ಹೊರುವುದು ಎಂಬ ನಮ್ಮ ನಂಬಿಕೆಯನ್ನೇ ಇಲ್ಲಿ ಕದಲಿಸಲಾಗಿದೆ. ಅದನ್ನು ಮರಳಿ ನೆಲೆಗೊಳಿಸುವ ಉದ್ದೇಶ ಶಿಲ್ಪಿಗಿಲ್ಲ.

ಇನ್ನು ಪಾಕದ ಮಾತು. ಸ್ಪೇನಿನ ಕೆಟಲಾನ್ ಕರಾವಳಿಯ ರೋಸಸ್ ಊರಿನ ಬಳಿಯ ಎಲ್ ಬುಲಿ ಭೋಜನಶಾಲೆಯಲ್ಲಿ ಫೆರಾನ್ ಆದ್ರಿಯಾ ಅವರು ೧೯೯೦ರ ದಶಕದಲ್ಲಿ ಈ ಹೆಸರಿನಿಂದಲೇ ಒಂದು ವಿಧಾನವನ್ನು ಬಳಕೆಗೆ ತಂದರು. ಮೊಟ್ಟೆ, ಆಲೂಗೆಡ್ಡೆ, ಈರುಳ್ಳಿಗಳನ್ನು ಕೂಡಿಸಿ ಬೇಯಿಸುವ ಟೋರ್ಟಿಯಾ ಸ್ಪೇನಿನ ಮನೆಮನೆಯ ತಿನಿಸು. ಮಾರ್ಕ್ ಸಿಂಗ್ಲಾ ಅವರ ಹೆಸರಿಗೆ ಸಲ್ಲುವ ಅದರ ನಿರಚಿತ ರೂಪದಲ್ಲಿ ಈರುಳ್ಳಿ, ಮೊಟ್ಟೆಯ ರಸ, ಆಲೂಗೆಡ್ಡೆಯ ನೊರೆ ಇವು ಸಣ್ಣ ಗಾಜಿನ ಲೋಟದಲ್ಲಿ ಪದರಪದರವಾಗಿ ಬರುತ್ತವೆ. ಆಕಾರ ಅಳಿದಿದೆ, ಚಮಚವನ್ನು ಆಳಕ್ಕಿಳಿಸಿ ಬಾಯಿಗಿಟ್ಟೊಡನೆ ಪರಿಚಿತವಾದ ರುಚಿ ಮರಳಿ ಕೂಡಿಕೊಳ್ಳುತ್ತದೆ. ಆದುದರಿಂದ, ಶಿಲ್ಪಿಯು ಸಂಶಯಿಸುವ ಸಮಗ್ರತೆಯನ್ನೇ ಪಾಚಕನು ಆಶ್ರಯಿಸಿದ್ದಾನೆ. ಶಬ್ದವೊಂದೇ ಆದರೂ ಉದ್ದೇಶಗಳು ಪರಸ್ಪರ ವಿರುದ್ಧವೆಂದು ನನ್ನ ಅಭಿಪ್ರಾಯ.

ಎರಡೂ ಕಡೆ ಸಮಾನವಾಗಿರುವುದು ನೋಡುವವನ, ಉಣ್ಣುವವನ ಪೂರ್ವಸ್ಮೃತಿಯೊಂದೇ. ಕೊಲಂಬಸ್ಸಿನ ಕಂಬವನ್ನು ಕಂಡು ಅಚ್ಚರಿಪಡಲು ಯಾವ ದೇಶದವನಿಗಾದರೂ ಸಾಧ್ಯ. ಟೋರ್ಟಿಯಾವನ್ನು ಎಂದೂ ತಿಂದಿರದವನಿಗಾದರೋ ಲೋಟದಲ್ಲಿರುವುದು ಬರಿಯ ನೊರೆ. ಎಲ್ ಬುಲಿ ೨೦೧೧ರ ಜುಲೈ ೩೦ರಂದು ಭೋಜನಶಾಲೆಯಾಗಿ ಮುಚ್ಚಿ, ಅದೇ ಸ್ಥಳದಲ್ಲಿ ೨೦೨೩ರಲ್ಲಿ ಸಂಗ್ರಹಾಲಯವಾಗಿ ತೆರೆಯಿತು. ಅದರ ಹೆಸರಿನಲ್ಲಿ ಸೇರಿರುವ ೧೮೪೬ ಎಂಬ ಅಂಕಿಯು ಅಲ್ಲಿ ಸಿದ್ಧವಾದ ಭಕ್ಷ್ಯಗಳ ಲೆಕ್ಕ.