ಸ್ಟ್ರಟ್ ಬಾರ್

ಕಾರಿನ ಎಡ, ಬಲ ಸಸ್ಪೆನ್ಷನ್ ಟವರ್‌ಗಳ ನೆತ್ತಿಯನ್ನು ಒಂದಕ್ಕೊಂದು ಬಿಗಿಯುವ ಅಡ್ಡಸರಳು. ಬಾನೆಟ್ ಎತ್ತಿದರೆ ಎಂಜಿನ್ನಿನ ಇಕ್ಕೆಲದಲ್ಲಿ ತಗಡಿನ ಎರಡು ದುಂಡು ದಿಬ್ಬಗಳು ಕಾಣುತ್ತವೆ, ಅವೇ ಟವರ್‌ಗಳು. ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಒಂದಾಗಿರುವ ಸ್ಟ್ರಟ್ ಕೆಳಗಿನಿಂದ ಬಂದು ಇವಕ್ಕೆ ತಲೆಯಾನಿಸಿ ನಿಂತಿರುತ್ತದೆ. ಟವರ್ ಕೂದಲೆಳೆಯಷ್ಟು ಅಲುಗಿದರೂ ಚಕ್ರ ನಿಂತ ಓರೆ ಬದಲಾಗುತ್ತದೆ, ಸ್ಟಿಯರಿಂಗ್ ತಿರುಗಿಸಿದ್ದಕ್ಕೂ ಕಾರು ತಿರುಗಿದ್ದಕ್ಕೂ ನಡುವೆ ಒಂದು ಕ್ಷಣದ ಸಡಿಲ ಬರುತ್ತದೆ. ಆ ಅಲುಗಾಟವನ್ನು ತಗ್ಗಿಸುವುದೇ ಬಾರಿನ ಕೆಲಸ. ಇದು ಟೈರಿಗೆ ಹೊಸ ಹಿಡಿತ ಕೊಡುವುದಿಲ್ಲ, ಕಾರು ಪಕ್ಕಕ್ಕೆ ವಾಲುವುದನ್ನೂ ತಡೆಯುವುದಿಲ್ಲ. ವಾಲುವಿಕೆಯನ್ನು ತಡೆಯುವುದು ಆಂಟಿ ರೋಲ್ ಬಾರ್. ಅದು ಬೇರೆಯೇ ಭಾಗ. ಎರಡನ್ನೂ ಒಂದೇ ಎಂದುಕೊಂಡು ದುಡ್ಡು ಸುರಿದವರು ಬಹಳ ಮಂದಿ.

ಈ ಬಾರಿನ ಅಗತ್ಯ ಹುಟ್ಟಿದ್ದು ಕಾರಿನ ಮೈಕಟ್ಟು ಬದಲಾದದ್ದರಿಂದ. ದಪ್ಪ ಚಾಸಿಯ ಮೇಲೆ ಬಾಡಿ ಕೂರಿಸುವ ಪದ್ಧತಿ ಹೋಗಿ, ತಗಡಿನ ಬಾಡಿಯೇ ಭಾರ ಹೊರುವ ಮೊನೊಕಾಕ್ ರಚನೆ ಬಂತು. 1922ರ ಲ್ಯಾನ್ಸಿಯಾ ಲ್ಯಾಂಬ್ಡಾ ಇದರ ಆದ್ಯ ಮಾದರಿಗಳಲ್ಲೊಂದು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಸ್ಟ್ರಟ್, 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫಿರ್ ಕಾರುಗಳ ಮೂಲಕ ಬಳಕೆಗೆ ಬಂತು. ಅಗ್ಗ, ಹಗುರ, ಜಾಗವೂ ಕಡಿಮೆ ಸಾಕು. ಆದರೆ ಅದರ ತಲೆಯ ಒತ್ತಡ ಬೀಳುವುದು ಬಾಡಿಯ ತಗಡಿನ ಟವರಿನ ಮೇಲೆಯೇ. 1983ರಲ್ಲಿ ಬಂದ ನಮ್ಮ ಮಾರುತಿ 800ರ ಮುಂಚಕ್ರಗಳಿಗೂ ಇದೇ ಏರ್ಪಾಡು.

ತಿರುವಿನಲ್ಲಿ ಆಗುವುದೇನೆಂದು ಹತ್ತಿರದಿಂದ ನೋಡಬೇಕು. ಆಗುಂಬೆ ಘಾಟಿಯಂಥ ಕಡೆ ಕಾರು ಎಡಕ್ಕೆ ತಿರುಗುವಾಗ ನೆಲ ಟೈರುಗಳನ್ನು ಎಡಕ್ಕೆ ತಳ್ಳುತ್ತದೆ. ಆಗ ಚಕ್ರವೂ ಸ್ಟ್ರಟ್ಟೂ ಸೇರಿ, ಚಕ್ರವನ್ನು ಕೆಳಗಿನಿಂದ ಬಾಡಿಗೆ ಹಿಡಿಯುವ ಕೆಳತೋಳಿನ ಕೀಲಿಗೆ ಆನಿಸಿದ ಸನ್ನೆಗೋಲಿನಂತಾಗುತ್ತವೆ: ಬುಡ ಎಡಕ್ಕೆ ಹೋದರೆ ತಲೆ ಬಲಕ್ಕೆ ಒತ್ತುತ್ತದೆ. ಹೀಗೆ ಎರಡು ಟವರ್‌ಗಳೂ ಬಲಕ್ಕೇ ವಾಲಲು ನೋಡುತ್ತವೆ, ಹೊರಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಬಲ ಟವರಿನ ಮೇಲೆ ಒತ್ತಡ ಹೆಚ್ಚು. ನೇರವಾದ ಸರಳು ಈ ಒತ್ತಡವನ್ನು ಎರಡಕ್ಕೂ ಹಂಚೀತು. ಆದರೆ ಎರಡೂ ಜೊತೆಯಾಗಿ ವಾಲುವುದನ್ನು ತಡೆಯಲಾರದು. ತಡೆಯಬೇಕಾದರೆ ಸರಳಿನಿಂದ ಇನ್ನೊಂದು ಕಾಲು ಹಿಂದಕ್ಕೆ ಚಾಚಿ, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯನ್ನು, ಅಂದರೆ ಫೈರ್‌ವಾಲನ್ನು, ಹಿಡಿಯಬೇಕು. ಚೌಕ ಸೊಟ್ಟಗಾಗುತ್ತದೆ, ತ್ರಿಕೋನ ಆಗುವುದಿಲ್ಲ. ಮಾಡಿಗೆ ಕತ್ತರಿ ಕೂಡಿಸುವ ಬಡಗಿ ನಂಬಿರುವುದೂ ಇದನ್ನೇ. ಗುಂಡಿ, ಹಂಪುಗಳ ಪೆಟ್ಟಿಗೆ ಟವರ್‌ಗಳು ಎದುರುಬದುರಾಗಿ ಒಳಕ್ಕೆ ಬಾಗುವುದುಂಟು. ಅದಕ್ಕೆ ಮಾತ್ರ ನೇರ ಸರಳೇ ಸಾಕು.

ಈ ಎರಡು ಉಪಾಯಗಳೂ ಬೇರೆಬೇರೆಯಾಗಿ ಕಾಣಸಿಗುವುದು ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗಿನಲ್ಲಿ. 1964ರ ಏಪ್ರಿಲ್ 17ರಂದು ಬಿಡುಗಡೆಯಾದ ಈ ಕಾರಿಗೆ ಅಡಿಪಾಯ ಅಗ್ಗದ ಫಾಲ್ಕನ್ ಕಾರು. ಸ್ಟ್ರಟ್ ಇರಲಿಲ್ಲ, ಸ್ಪ್ರಿಂಗು ಮೇಲ್ತೋಳಿನ ಮೇಲೆ ಕೂತು ಟವರಿನ ನೆತ್ತಿಗೆ ಒದೆಯುತ್ತಿತ್ತು. ಹೊರದೇಶಕ್ಕೆ ಹೋಗುವ ಗಾಡಿಗಳಲ್ಲಿ ಎರಡೂ ಟವರ್‌ಗಳನ್ನು ಫೈರ್‌ವಾಲಿಗೆ ಕಟ್ಟುವ ಗಟ್ಟಿ ಪಟ್ಟಿ ಇತ್ತು. ಅದಕ್ಕೆ ಎಕ್ಸ್‌ಪೋರ್ಟ್ ಬ್ರೇಸ್ ಎಂದೇ ಹೆಸರು. ಟವರಿನಿಂದ ಟವರಿಗೆ ಹೋಗುವ ಸರಳು ಮಾಂಟೆ ಕಾರ್ಲೊ ಬಾರ್. ಮಸ್ಟಾಂಗನ್ನೇ ಆಧರಿಸಿದ 1965ರ ಶೆಲ್ಬಿ ಜಿ.ಟಿ. 350ರಲ್ಲಿ ಎರಡನ್ನೂ ಹಾಕಿದ್ದರು. ಹಳೆಯ ಮಸ್ಟಾಂಗಿಗೆ ಈಗ ಬಾರ್ ಕೂರಿಸ ಹೊರಟವರಿಗೆ ಎಷ್ಟೋ ಸಲ ತೂತಿಗೆ ತೂತು ಸೇರುವುದೇ ಇಲ್ಲ. ದಶಕಗಳ ಒದೆತಕ್ಕೆ ಟವರ್‌ಗಳು ಒಳವಾಲಿರುತ್ತವೆ. ನಡುವೆ ಜಾಕ್ ಕೊಟ್ಟು ಮೆಲ್ಲಗೆ ಅಗಲಿಸಬೇಕಾಗುತ್ತದೆ.

ಕೊಳ್ಳುವಾಗ ಹೊಳಪಿಗಿಂತ ಆಕಾರ ನೋಡಬೇಕು. ಎಂಜಿನ್ ತಪ್ಪಿಸಲು ಬಿಲ್ಲಿನಂತೆ ಬಗ್ಗಿಸಿದ ಸರಳು ಒತ್ತಡ ಬಿದ್ದಾಗ ಬಿಲ್ಲಿನಂತೆಯೇ ಇನ್ನಷ್ಟು ಬಾಗುತ್ತದೆ, ನೇರವಾದಷ್ಟೂ ಒಳ್ಳೆಯದು. ಕೀಲುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ತುದಿಯ ತಟ್ಟೆ ತೆಳುವಾಗಿದ್ದರೆ, ಅಥವಾ ಸರಳಿಗೂ ತಟ್ಟೆಗೂ ಒಂದೇ ಬೋಲ್ಟಿನ ಸಡಿಲ ಕೀಲಿದ್ದರೆ, ನಡುವಿನ ಕೊಳವೆ ಎಷ್ಟು ದಪ್ಪವಿದ್ದರೂ ಉಪಯೋಗವಿಲ್ಲ. ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 200 ಗಿಗಾಪಾಸ್ಕಲ್, ಅಲ್ಯೂಮಿನಿಯಂನದು ಸುಮಾರು 70. ಆದ್ದರಿಂದ ಅಲ್ಯೂಮಿನಿಯಂ ಆದರೆ ಕೊಳವೆ ಉಕ್ಕಿನದಕ್ಕಿಂತ ದಪ್ಪವಿರಲೇಬೇಕು. ಲ್ಯಾಡರ್ ಚಾಸಿಯ, ಅಂದರೆ ದಪ್ಪ ಚಾಸಿಯ ಮೇಲೆ ಬಾಡಿ ಕೂರಿಸಿದ, ಗಾಡಿಗಳಿಗೆ ಈ ಬಾರ್ ಬೇಡವೇ ಬೇಡ. ಈಚಿನ ಬಿಗಿ ಬಾಡಿಯ ಕಾರುಗಳಲ್ಲೂ ಊರೊಳಗಿನ ಓಡಾಟಕ್ಕೆ ವ್ಯತ್ಯಾಸ ತಿಳಿಯುವುದು ಕಷ್ಟ. ಟೈರು ಸವೆದು, ಟವರಿನ ತಲೆಯ ರಬ್ಬರ್ ಮೌಂಟು ಹರಿದು, ಕೆಳತೋಳಿನ ಬುಷ್ ಆಡುತ್ತಿದ್ದರೆ ಮೊದಲು ಅವನ್ನು ಬದಲಿಸುವುದೇ ಸರಿ. ನಮ್ಮ ಗುಂಡಿ ರಸ್ತೆಗಳಲ್ಲಿ ಸ್ಟಿಯರಿಂಗ್ ಸಡಿಲಕ್ಕೆ ಕಾರಣ ಹೆಚ್ಚಾಗಿ ಅಲ್ಲೇ ಇರುತ್ತದೆ.

ಜೋಡಣೆಗೆ ಕಾರನ್ನು ಸಮತಟ್ಟು ನೆಲದಲ್ಲಿ, ಚಕ್ರಗಳ ಮೇಲೆಯೇ ನಿಲ್ಲಿಸಬೇಕು. ಜಾಕ್ ಮೇಲೆ ಎತ್ತಿದರೆ ನಟ್ಟು ಬಿಚ್ಚಿದ ಸ್ಟ್ರಟ್ ಕೆಳಗೆ ಜಾರುತ್ತದೆ, ಬಾಡಿಯ ಭಾರ ಚಕ್ರದ ಮೇಲಿಲ್ಲದೆ ಟವರ್‌ಗಳ ನಡುವಿನ ಅಂತರವೂ ಬದಲಾಗುತ್ತದೆ. ಟವರಿನ ಅಂಚಿನಲ್ಲಿ ಸುತ್ತಲೂ ಇರುವ ಸಣ್ಣ ನಟ್ಟುಗಳನ್ನು ಮಾತ್ರ ಬಿಚ್ಚಬೇಕು. ನಟ್ಟನಡುವಿನ ದೊಡ್ಡ ನಟ್ಟಿಗೆ ಸ್ಪ್ಯಾನರ್ ಹಾಕಲೇಬಾರದು. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ. ಅದು ಬಿಚ್ಚಿಕೊಂಡರೆ ಜೀವಕ್ಕೇ ಅಪಾಯ. ತಟ್ಟೆ ಕೂರುವ ಜಾಗದ ಮಣ್ಣು ಒರೆಸಿ, ಎರಡೂ ಕಡೆಯ ನಟ್ಟುಗಳನ್ನು ಮೊದಲು ಬೆರಳಲ್ಲೇ ಕೂರಿಸಿ, ಆಮೇಲೆ ಕಾರಿನ ಕೈಪಿಡಿ ಹೇಳಿದಷ್ಟೇ ಟಾರ್ಕ್ ಕೊಟ್ಟು ಬಿಗಿಯಬೇಕು. ತಟ್ಟೆಯ ದಪ್ಪ ಸೇರಿದ ಮೇಲೂ ಬೋಲ್ಟಿನ ತುದಿ ನಟ್ಟಿನಿಂದ ಹೊರಗೆ ಇಣುಕದಿದ್ದರೆ ಆ ಬಾರ್ ಆ ಕಾರಿನದಲ್ಲ. ಉದ್ದ ಹೊಂದಿಸುವ ಬಾರಾದರೆ ಟವರ್‌ಗಳನ್ನು ತಳ್ಳದಂತೆ, ಎಳೆಯದಂತೆ ಹೊಂದಿಸಿ ಲಾಕ್‌ನಟ್ ಬಿಗಿದರೆ ಸಾಕು.

ಬಾನೆಟ್ ತಗಲುತ್ತದೆಯೇ ಎಂದು ನೋಡಲು ಗೋಧಿಹಿಟ್ಟಿನ ಕಣಕದ ಉಂಡೆಗಳನ್ನು ಸರಳಿನ ಮೇಲೆ ಅಲ್ಲಲ್ಲಿ ಇಟ್ಟು, ಬಾನೆಟ್ ಮೆಲ್ಲಗೆ ಮುಚ್ಚಿ ತೆರೆಯಬೇಕು. ಉಂಡೆ ಚಪ್ಪಟೆಯಾಗಿ ಉಳಿದ ದಪ್ಪವೇ ನಡುವಿನ ಸಂದು. ಎಂಜಿನ್ ತನ್ನ ರಬ್ಬರ್ ಮೌಂಟುಗಳ ಮೇಲೆ ಹೊರಳುವುದರಿಂದ ಸರಳಿನ ಕೆಳಗೂ ಎರಡು ಬೆರಳಿನಷ್ಟಾದರೂ ಜಾಗ ಬೇಕು. ಬ್ಯಾಟರಿಯ ಟರ್ಮಿನಲ್‌ಗೆ ಲೋಹ ತಾಗುವಂತಿರಬಾರದು.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ನೋಡಿ, ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ವಿಮಾ ಕಂಪನಿಗೂ ತಿಳಿಸಿರುವುದು ಕ್ಷೇಮ. ಅಪಘಾತದಲ್ಲಿ ಒಂದು ಬದಿಗೆ ಪೆಟ್ಟು ಬಿದ್ದರೆ ಬಾರ್ ಅದನ್ನು ಎದುರು ಟವರಿಗೂ ಸಾಗಿಸಿರಬಹುದು. ರಿಪೇರಿಗೆ ಬಿಟ್ಟಾಗ ಎರಡೂ ಟವರ್‌ಗಳ ಅಳತೆ ತೆಗೆಸಬೇಕು.