ಕೆರೆ ಹೋದರೂ ಕರಗ ಬರುತ್ತದೆ

ಮೊದಲ ಸಲ ಬೆಂಗಳೂರು ಕರಗ ನೋಡಲು ಹೋದಾಗ ನಾನು ಸಿದ್ಧವಾಗಿಯೇ ಹೋಗಿದ್ದೆ. ಮೆರವಣಿಗೆಯ ದಾರಿ ಗುರುತು ಹಾಕಿಕೊಂಡಿದ್ದೆ. ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಕರಗ ಬರುವ ಹೊತ್ತಿಗೆ ಎಲ್ಲಿ ನಿಲ್ಲಬೇಕೆಂದೂ ಯೋಚಿಸಿದ್ದೆ. ಚೈತ್ರ ಹುಣ್ಣಿಮೆಯ ಆ ರಾತ್ರಿ ನಗರತ್‌ಪೇಟೆಯಲ್ಲಿ, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದಾಗ ಪಕ್ಕದಲ್ಲಿದ್ದ ವಯಸ್ಸಾದ ಅಮ್ಮ ಕೇಳಿದರು: "ಹಸಿ ಕರಗ ನೋಡಿದ್ಯೇನಪ್ಪಾ?"

"ಇಲ್ಲಮ್ಮ, ಇವತ್ತೇ ಬಂದಿದ್ದು."

"ಮತ್ತೇನ್ ನೋಡ್ದಂಗಾಯ್ತು? ತಾಯಿ ಹುಟ್ಟೋದು ನೀರಿನ ಹತ್ರ ಕಣಪ್ಪ. ಬೀದೀಲಿ ಬರೋದು ಆಮೇಲೆ."

ಅಷ್ಟರಲ್ಲಿ ವೀರಕುಮಾರರ ಕೂಗು ಕೇಳಿಸಿತು. ಬರಿ ಮೈ, ಕೈಯಲ್ಲಿ ಕತ್ತಿ. ಅವರ ನಡುವೆ ಮಲ್ಲಿಗೆಯ ಗೋಪುರವೇ ನಡೆದು ಬಂದಂತೆ ಕರಗ. ಹೊತ್ತವರು ಗಂಡಸು; ಉಟ್ಟಿದ್ದು ಸೀರೆ, ತೊಟ್ಟಿದ್ದು ಬಳೆ, ಕೊರಳಲ್ಲಿ ತಾಳಿ. ತಲೆಯ ಮೇಲಿನ ಕರಗಕ್ಕೆ ಕೈ ತಾಗಿಸುವಂತಿಲ್ಲ. ಬೀದಿಯ ಜನರೆಲ್ಲ ಮೊಬೈಲು ಎತ್ತಿ ಹಿಡಿದರು, ನಾನೂ ಹಿಡಿದೆ. ಪಕ್ಕದ ಅಮ್ಮ ಮಾತ್ರ ಎರಡೂ ಕೈ ಮುಗಿದಿದ್ದರು. ಮನೆಗೆ ಬಂದು ನೋಡಿದರೆ ನನ್ನ ಚಿತ್ರಗಳಲ್ಲಿ ಇದ್ದದ್ದು ಬರೀ ಬೇರೆಯವರ ಕೈಗಳು.

ಕರಗದ ಕಥೆ ಮಹಾಭಾರತ ಮುಗಿದ ಮೇಲಿನದು. ಪಾಂಡವರು ಸ್ವರ್ಗದ ಹಾದಿ ಹಿಡಿದಾಗ ದ್ರೌಪದಿ ಹಿಂದೆ ಉಳಿದಳು, ತಿಮಿರಾಸುರ ಎದುರಾದ, ಅವಳು ಆದಿಶಕ್ತಿಯ ರೂಪ ತಾಳಿ ವೀರಕುಮಾರರನ್ನು ಸೃಷ್ಟಿಸಿದಳು. ಯುದ್ಧ ಮುಗಿದು ಹೊರಟು ನಿಂತ ತಾಯಿಯನ್ನು ಮಕ್ಕಳು ಬಿಡಲಿಲ್ಲ. ವರ್ಷಕ್ಕೊಮ್ಮೆ ಬಂದು ಹೋಗುತ್ತೇನೆಂದು ಅವಳು ಮಾತು ಕೊಟ್ಟಳು. ಆ ಮಕ್ಕಳೇ ತಾವು ಎಂದು ತಿಗಳರು, ಅಂದರೆ ವಹ್ನಿಕುಲ ಕ್ಷತ್ರಿಯರು, ನಂಬುತ್ತಾರೆ. ಕುಲಕಸುಬಿನಲ್ಲಿ ಇವರು ತೋಟಗಾರರು. ಪೇಟೆಗೆ ಹೂವು, ಸೊಪ್ಪು, ತರಕಾರಿ ಬೆಳೆದು ಕೊಟ್ಟವರು.

ತೋಟವೆಂದರೆ ನೀರು. ಕಾವೇರಿ ದೂರವಿರುವ, ದೊಡ್ಡ ನದಿಯಿಲ್ಲದ ಈ ಎತ್ತರದ ಊರಿನಲ್ಲಿ ನೀರೆಂದರೆ ಕೆರೆ. ಕೆಂಪೇಗೌಡರು 1537ರಲ್ಲಿ ಕಟ್ಟಿದರೆಂದು ಹೇಳುವ ಪೇಟೆ ಬದುಕಿದ್ದು ಸುತ್ತಲಿನ ಕೆರೆಗಳಿಂದ. ಪಶ್ಚಿಮಕ್ಕೆ ಧರ್ಮಾಂಬುಧಿ, ಪೂರ್ವಕ್ಕೆ ಸಂಪಂಗಿ. 1809ರಲ್ಲಿ ದಂಡು ಬಂದು ನೆಲೆಯಾದ ಮೇಲೆ ಸಂಪಂಗಿ ಕೆರೆ ಎರಡು ಊರುಗಳ ನಡುವೆ ಸಿಕ್ಕಿಕೊಂಡಿತು. ಈ ಕೆರೆಯ ಕಥೆಯನ್ನು ಹಿತಾ ಉನ್ನಿಕೃಷ್ಣನ್ ಮತ್ತು ಹರಿಣಿ ನಾಗೇಂದ್ರ ಹಳೆಯ ಕಡತಗಳಿಂದ ಬಿಡಿಸಿಟ್ಟಿದ್ದಾರೆ. ತೋಟಗಾರರಿಗೆ ಕೆರೆಯಲ್ಲಿ ನೀರು ನಿಲ್ಲಬೇಕಿತ್ತು, ಪೋಲೋ ಆಡುವವರಿಗೆ ನೆಲ ಒಣಗಿರಬೇಕಿತ್ತು. 1896ರಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. ಕುಡಿಯುವ ನೀರಿಗೆ ಕೆರೆ ಬೇಡವಾದ ಮೇಲೆ ಊರಿನ ದೊಡ್ಡವರ ಕಣ್ಣಿಗೆ ಅದು ಬರೀ ಖಾಲಿ ಜಾಗವಾಗಿ ಕಾಣತೊಡಗಿತು. ತೋಟಗಾರರ ಅಗತ್ಯ ಮಾತ್ರ ಹಾಗೆಯೇ ಇತ್ತು. ಆದರೆ ತೀರ್ಮಾನ ಅವರ ಕೈಯಲ್ಲಿರಲಿಲ್ಲ.

ಮರುವರ್ಷ ನಾನು ಮೆರವಣಿಗೆಗೆ ಎರಡು ದಿನ ಮೊದಲೇ, ತ್ರಯೋದಶಿಯ ರಾತ್ರಿ, ಹಸಿ ಕರಗಕ್ಕೆ ಹೋದೆ. ಆ ಅಮ್ಮ ಹೇಳಿದ ನೀರು ಈಗ ಇರುವುದು ಕಂಠೀರವ ಕ್ರೀಡಾಂಗಣದ ಮಗ್ಗುಲಲ್ಲಿ. ಸಂಪಂಗಿ ಕೆರೆ ಹೋದ ಜಾಗವೇ ಅದು. ಕ್ರೀಡಾಂಗಣ ಎದ್ದಮೇಲೆ ಕರಗಕ್ಕೆಂದು ಉಳಿಸಿದ ಪುಟ್ಟ ಕೊಳವನ್ನೇ ಇವತ್ತಿಗೂ ಸಂಪಂಗಿ ಕೆರೆ ಎನ್ನುತ್ತಾರೆ. ಒಳಗಿನ ವಿಧಿ ಹೊರಗಿನವರಿಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ನಾನು ದೂರದಲ್ಲೇ ನಿಂತೆ. ಈ ಸಲ ಮೊಬೈಲು ಜೇಬಿನಲ್ಲೇ ಇತ್ತು. ನಡುರಾತ್ರಿ ದಾಟಿದ ಮೇಲೆ ಗುಂಪು ಸರಿಯಿತು, ಕೂಗು ಎದ್ದಿತು, ತಾಯಿ ಪೇಟೆಯ ಕಡೆಗೆ ಹೊರಟಳು.

ಅವತ್ತು ಜನರ ಹಿಂದೆ ನಡೆಯುತ್ತ ಮನಸ್ಸಿನಲ್ಲೇ ಕೆರೆಗಳನ್ನು ಲೆಕ್ಕ ಹಾಕಿದೆ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು. ಅಕ್ಕಿತಿಮ್ಮನಹಳ್ಳಿ ಕೆರೆಯ ಮೇಲೆ ಹಾಕಿ ಆಡುತ್ತಾರೆ. ಚಲ್ಲಘಟ್ಟದಲ್ಲಿ ಗಾಲ್ಫ್. ಇವಕ್ಕೆಲ್ಲ ಕೊಳದಷ್ಟು ಗುರುತೂ ಉಳಿಯಲಿಲ್ಲ. ಸಂಪಂಗಿಯ ತುಣುಕು ಉಳಿದದ್ದಕ್ಕೆ ಕಾರಣ ಒಂದೇ: ವರ್ಷಕ್ಕೊಮ್ಮೆ ಅಲ್ಲಿಗೆ ಬಂದೇ ಬರುತ್ತೇವೆ ಎಂದು ಹಟ ಹಿಡಿದ ಜನರಿದ್ದರು.

ಸ್ಮೃತಿ ಶ್ರೀನಿವಾಸ್ ಅವರು ಕರಗದ ಮೇಲೆ ಬರೆದ ಇಂಗ್ಲಿಷ್ ಪುಸ್ತಕ 2001ರಲ್ಲಿ ಬಂತು. ನಗರದ ನೆನಪಿನ ದಾರಿಯಾಗಿ ಅವರು ಈ ಹಬ್ಬವನ್ನು ನೋಡುತ್ತಾರೆ. ಅದನ್ನು ಓದಿದಮೇಲೆ ನನಗೆ ಸಮಾಧಾನಕ್ಕಿಂತ ಕಸಿವಿಸಿಯೇ ಹೆಚ್ಚಾಯಿತು. ಕರಗವನ್ನು ನಾವು ಬೆಂಗಳೂರಿನ ಹೆಮ್ಮೆ ಎನ್ನುತ್ತೇವೆ. ದರ್ಗಾದ ಮುಂದೆ ಕರಗ ನಿಂತ ಚಿತ್ರ ಹಂಚಿಕೊಂಡು ಸೌಹಾರ್ದದ ಮಾತಾಡುತ್ತೇವೆ. ಆ ಮಾತು ಸುಳ್ಳಲ್ಲ. ನಾನೂ ಆ ಗಳಿಗೆಯಲ್ಲಿ ನಿಂತು ಕಣ್ಣು ತುಂಬಿಕೊಂಡವನೇ. ಆದರೆ ಅದೇ ಊರು ತೋಟದ ನೆಲವನ್ನೂ ಕೆರೆಯ ನೀರನ್ನೂ ನುಂಗಿ, ಆ ತೋಟಗಾರರಿಗೆ ಹಬ್ಬವನ್ನಷ್ಟೇ ಬಿಟ್ಟುಕೊಟ್ಟಿತು. ಆಮೇಲೆ ಹಬ್ಬವೂ ನಮ್ಮದೇ ಎಂದಿತು. ಕುತೂಹಲದಿಂದ ನೋಡಲು ಹೋಗುವ ನನ್ನಂಥವನು ಯಾವ ಕಡೆಯವನು? ಕ್ರೀಡಾಂಗಣದಲ್ಲಿ ಆಟ ನೋಡಿ ಚಪ್ಪಾಳೆ ತಟ್ಟಿದವನೂ ನಾನೇ, ಮನೆಯ ನಲ್ಲಿಯಲ್ಲಿ ದೂರದ ಕಾವೇರಿ ಬರುವುದರಿಂದ ಪಕ್ಕದ ಕೆರೆಯನ್ನು ಮರೆತವನೂ ನಾನೇ.

ಈಗ ಪ್ರತಿ ವರ್ಷ ಎರಡೂ ರಾತ್ರಿ ಹೋಗುತ್ತೇನೆ. ಗೆಳೆಯರು ಯಾರಾದರೂ ಕರಗ ನೋಡಬೇಕೆಂದರೆ ಹುಣ್ಣಿಮೆಗೆ ಮೊದಲೇ ಬನ್ನಿ ಎನ್ನುತ್ತೇನೆ. ಅವರನ್ನು ಕೊಳದ ಹತ್ತಿರ ನಿಲ್ಲಿಸಿ ಕ್ರೀಡಾಂಗಣದ ಕಡೆ ಕೈ ತೋರಿಸಿ, "ಕೆರೆ ಅಲ್ಲೀತನಕ ಇತ್ತು" ಎಂದು ಹೇಳುತ್ತೇನೆ. ಕೆಲವರು ನಂಬುವುದಿಲ್ಲ. ನಗರತ್‌ಪೇಟೆಯ ಆ ಅಮ್ಮ ಮತ್ತೆ ಸಿಕ್ಕಿಲ್ಲ. ಸಿಕ್ಕರೆ ಹೇಳಬೇಕು, ಹಸಿ ಕರಗ ನೋಡಿದೆ ಅಮ್ಮ ಅಂತ.