ಮೊಬೈಲ್ ಚಾರ್ಜರ್: ಸುರಕ್ಷತೆ ಮತ್ತು ಪ್ರಮಾಣೀಕರಣ

ಮನೆಯ 230 ವೋಲ್ಟ್ ವಿದ್ಯುತ್ತನ್ನು ಸಾಮಾನ್ಯವಾಗಿ 5 ವೋಲ್ಟ್‌ಗೆ ಇಳಿಸಿ ಫೋನಿಗೆ ಕೊಡುವ ಸಾಧನ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಡುವಿನ ನಿರೋಧಕ ಪದರವೇ ಬಳಸುವವರ ಜೀವ ಕಾಯುವುದು. ಅಗ್ಗದ ನಕಲಿ ಮಾಲಿನಲ್ಲಿ ತೆಳುವಾಗುವುದೂ ಅದೇ. ಕೇಂದ್ರ ಸರ್ಕಾರ 2012ರಲ್ಲಿ ತಂದ ಕಡ್ಡಾಯ ನೋಂದಣಿ ವ್ಯವಸ್ಥೆಯಂತೆ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇರಬೇಕು. ಕೊಳ್ಳುವವರು ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ತಯಾರಕರ ಹೆಸರು ತಾಳೆ ನೋಡಬಹುದು; ನೋಡಲೇಬೇಕು. ಬಳಕೆಯಲ್ಲೂ ಎಚ್ಚರ ಬೇಕು: 2023ರ ಆಗಸ್ಟ್‌ನಲ್ಲಿ ಕಾರವಾರ ತಾಲ್ಲೂಕಿನಲ್ಲಿ, ಸ್ವಿಚ್ ಆರಿಸದೆ ಬಿಟ್ಟಿದ್ದ ಚಾರ್ಜರಿನ ವೈರ್ ಬಾಯಿಗಿಟ್ಟು ಎಂಟು ತಿಂಗಳ ಮಗು ತೀರಿಕೊಂಡಿತು. ಕೇಬಲ್ಲಿನ ಹೊದಿಕೆ ಸೀಳಿ ತಂತಿ ಕಂಡರೆ ಟೇಪು ಸುತ್ತಿ ಮುಂದುವರಿಸದೆ ಬದಲಿಸಬೇಕು.